ಮೂತ್ರಪಿಂಡದ ಕಾಯಿಲೆಯಿರುವ ಮಕ್ಕಳ ಮೈಮೇಲೆ ಕುರು, ಕಜ್ಜಿ, ಕೀವು: ಸಣ್ಣದೆಂದು ಏಕೆ ಬಿಡಬಾರದು

ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ ಮಕ್ಕಳ ಮೈಮೇಲೆ ಬೆವರುಗುಳ್ಳೆ, ಕುರು, ಕಜ್ಜಿ ಏಳುವುದು ಯಾವ ಮನೆಗೂ ಹೊಸದಲ್ಲ. ಅರಿಶಿನ ಹಚ್ಚುತ್ತಾರೆ, ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಮೈ ತೊಳೆಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ಊರಿನ ಔಷಧಿ ಅಂಗಡಿಯಿಂದ ಒಂದು ಟ್ಯೂಬು ಮುಲಾಮು, ನಾಲ್ಕು ಮಾತ್ರೆ ತರುತ್ತಾರೆ. ಆರೋಗ್ಯವಾಗಿರುವ ಮಗುವಿಗೆ ಹೆಚ್ಚಿನ ಸಲ ಅಷ್ಟರಲ್ಲೇ ವಾಸಿಯಾಗುತ್ತದೆ. ಆದರೆ ಆ ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯಿರುವ ಮಗುವಿದ್ದರೆ, ಏಳುವ ಕುರು ಅದೇ ಆಗಿದ್ದರೂ ಲೆಕ್ಕವೇ ಬೇರೆಯಾಗುತ್ತದೆ. ಸೋಂಕು ಬೇಗ ಒಳಗಿಳಿಯುತ್ತದೆ, ಅದರ ಗುರುತುಗಳು ತಡವಾಗಿ ಕಾಣಿಸುತ್ತವೆ, ಮತ್ತು ಅದಕ್ಕೆಂದು ಕೊಟ್ಟ ಔಷಧಿಯೇ ಉಳಿದಿರುವ ಮೂತ್ರಪಿಂಡದ ಶಕ್ತಿಯನ್ನು ಕುಂದಿಸಬಹುದು. ಈ ಮೂರರಲ್ಲಿ ಕೊನೆಯದನ್ನು ಪೂರ್ತಿಯಾಗಿ ತಪ್ಪಿಸಲು ಸಾಧ್ಯವಿರುವುದರಿಂದಲೇ ಈ ಲೇಖನದಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲಿಗೆ, ಮಕ್ಕಳಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದರೆ ಏನು ಎಂಬುದನ್ನು ತಿಳಿಯಬೇಕು. ಮೂತ್ರಪಿಂಡದ ರಚನೆಯಲ್ಲಿ ಅಥವಾ ಕೆಲಸದಲ್ಲಿ 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದ ದೋಷವನ್ನು ವೈದ್ಯರು ಹಾಗೆ ಕರೆಯುತ್ತಾರೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಮುಖ್ಯ ಕಾರಣವಾದರೆ, ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ದೋಷಗಳು ಮುಂದಿರುತ್ತವೆ: ಗಂಡುಮಕ್ಕಳ ಮೂತ್ರನಾಳದಲ್ಲಿ ಅಡ್ಡಬರುವ ಪೊರೆ, ಮೂತ್ರಕೋಶದಿಂದ ಮೂತ್ರ ಮೇಲಕ್ಕೆ ಹಿಮ್ಮುಖವಾಗಿ ಹರಿಯುವುದು, ಸರಿಯಾಗಿ ಬೆಳೆಯದ ಸಣ್ಣ ಮೂತ್ರಪಿಂಡಗಳು. ಇವುಗಳ ಜೊತೆಗೆ ನೆಫ್ರೋಟಿಕ್ ಸಿಂಡ್ರೋಮ್ ಎಂಬ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮುಖ ಮತ್ತು ಕೈಕಾಲು ಬಾತುಕೊಳ್ಳುವ ಕಾಯಿಲೆಯಿದೆ. ಅದರಲ್ಲಿ ಬಹುಪಾಲು ಮಕ್ಕಳ ಮೂತ್ರಪಿಂಡ ಕೆಲಸ ನಿಲ್ಲಿಸುವುದಿಲ್ಲವಾದರೂ, ಕಾಯಿಲೆ ಮತ್ತೆ ಮತ್ತೆ ಮರುಕಳಿಸಿ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಬೇಕಾಗುತ್ತದೆ. ಸೋಂಕಿನ ಭಯ ಈ ಮಕ್ಕಳಿಗೂ ಅಷ್ಟೇ ಇರುವುದರಿಂದ ಅವರನ್ನೂ ಇಲ್ಲಿ ಸೇರಿಸಿಕೊಂಡಿದ್ದೇನೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಔಷಧಿಯ ಪ್ರಮಾಣವೆಲ್ಲ ಅದರ ಮೇಲೆ ನಿಂತಿದೆ. ಪ್ರಯೋಗಾಲಯದ ವರದಿಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ರಕ್ತದಿಂದ ಹೊರಹಾಕಬೇಕಾದ ಒಂದು ಕಲ್ಮಶ) ಡೆಸಿಲೀಟರಿಗೆ 1.0 ಮಿಲಿಗ್ರಾಂ ಎಂದು ಬಂದರೆ ಅದರ ಪಕ್ಕದಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿ ಹೆಚ್ಚಾಗಿ ದೊಡ್ಡವರದ್ದಾಗಿರುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಎಂದು ತಂದೆತಾಯಿ ನಿಟ್ಟುಸಿರು ಬಿಡುತ್ತಾರೆ. ಮಕ್ಕಳ ತಜ್ಞರು ಬಳಸುವ ಶ್ವಾರ್ಟ್ಜ್ ಸೂತ್ರದ ಪ್ರಕಾರ ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿದೆ ಎಂಬ, 1.73 ಚದರ ಮೀಟರ್ ಮೈಯಳತೆಗೆ ಹೊಂದಿಸಿದ ಅಂದಾಜು ಸಿಗುತ್ತದೆ. 100 ಸೆಂಟಿಮೀಟರ್ ಎತ್ತರದ ಮಗುವಿನಲ್ಲಿ ಅದೇ 1.0 ಎಂದರೆ ಸುಮಾರು 41. ಆರೋಗ್ಯವಂತ ಮಗುವಿನಲ್ಲಿ ಈ ಅಂಕಿ 90ಕ್ಕಿಂತ ಮೇಲಿರಬೇಕು. ವರದಿ ಸರಿಯಿದೆ ಎಂದು ತೋರಿದರೂ ಆ ಮಗುವಿನ ಮೂತ್ರಪಿಂಡ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ. ಕುರುವಿಗೆ ಮಾತ್ರೆ ಬರೆಯುವವರಿಗೆ ಈ 41 ಎಂಬ ಅಂಕಿ ಗೊತ್ತಿರಬೇಕು.

ಇನ್ನು ಚರ್ಮಕ್ಕೆ ಬರೋಣ. ಆರೋಗ್ಯವಂತ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯವಾಗಿದ್ದು, ಬೆವರು ಮತ್ತು ಎಣ್ಣೆಯ ಗ್ರಂಥಿಗಳಿಂದ ಮೆತ್ತಗಿರುತ್ತದೆ. ರೋಗಾಣುಗಳಿಗೆ ಅಲ್ಲಿ ಬೇರೂರುವುದು ಸುಲಭವಲ್ಲ. ಮೂತ್ರಪಿಂಡ ಸೋಲುತ್ತ ಬಂದಂತೆ ಈ ಗ್ರಂಥಿಗಳು ಕುಗ್ಗುತ್ತವೆ, ಚರ್ಮ ಒಣಗುತ್ತದೆ, ಬೇಸಿಗೆಯ ಎರೆಹೊಲದಂತೆ ಅಲ್ಲಲ್ಲಿ ಬಿರಿಯುತ್ತದೆ. ಅದರ ಮೇಲೆ ತುರಿಕೆ. ರಕ್ತದಲ್ಲಿ ಉಳಿದ ಕಲ್ಮಶಗಳು, ಹೆಚ್ಚಿದ ರಂಜಕ, ಪ್ಯಾರಾಥೈರಾಯ್ಡ್ ಹಾರ್ಮೋನಿನ ಏರಿಕೆ, ಒಣಚರ್ಮ ಎಲ್ಲವೂ ಸೇರಿ ಹುಟ್ಟಿಸುವ ಈ ತುರಿಕೆ ರಾತ್ರಿ ಹೊತ್ತು ಹೆಚ್ಚಾಗುತ್ತದೆ. ಮಗು ನಿದ್ದೆಗಣ್ಣಿನಲ್ಲಿ ಕೆರೆದುಕೊಳ್ಳುತ್ತದೆ, ಉಗುರಿನಡಿಯ ರೋಗಾಣು ನೇರವಾಗಿ ಗೀರಿನೊಳಗೆ ಇಳಿಯುತ್ತದೆ.

ಒಳಗಿನ ಕಾವಲೂ ದುರ್ಬಲವಾಗಿರುತ್ತದೆ. ರೋಗಾಣುವನ್ನು ಹುಡುಕಿ ನುಂಗಿ ಕೊಲ್ಲಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಲೆಕ್ಕಕ್ಕೆ ಸರಿಯಾಗಿದ್ದರೂ, ಕಲ್ಮಶ ತುಂಬಿದ ರಕ್ತದಲ್ಲಿ ಅವುಗಳ ಓಟ ಮತ್ತು ಕೊಲ್ಲುವ ಶಕ್ತಿ ಎರಡೂ ಕಡಿಮೆಯಾಗುತ್ತವೆ. ಪಥ್ಯದಿಂದ ಮತ್ತು ಹಸಿವಿಲ್ಲದಿರುವಿಕೆಯಿಂದ ಬರುವ ಅಪೌಷ್ಟಿಕತೆ ಇದಕ್ಕೆ ಕೂಡಿಕೊಳ್ಳುತ್ತದೆ. ನೆಫ್ರೋಟಿಕ್ ಮಕ್ಕಳಲ್ಲಂತೂ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೇ ಮೂತ್ರದಲ್ಲಿ ಹರಿದುಹೋಗುತ್ತವೆ. ಬಾತ ಚರ್ಮ ಹಿಗ್ಗಿ ತೆಳುವಾಗಿರುತ್ತದೆ, ಅದರಡಿ ನಿಂತ ನೀರಿನಲ್ಲಿ ರೋಗಾಣುಗಳು ತಡೆಯಿಲ್ಲದೆ ಹರಡುತ್ತವೆ. ಪ್ರೆಡ್ನಿಸೊಲೋನ್, ಸೈಕ್ಲೊಫಾಸ್ಫಮೈಡ್, ಮೈಕೊಫಿನೊಲೇಟ್, ಟ್ಯಾಕ್ರೊಲಿಮಸ್, ರಿಟುಕ್ಸಿಮ್ಯಾಬ್‌ನಂಥ ಔಷಧಿಗಳು ಕಾಯಿಲೆಯನ್ನು ಹಿಡಿತದಲ್ಲಿಡಲು ಬೇಕೇ ಬೇಕು, ಆದರೆ ಅವು ದೇಹದ ಪ್ರತಿರೋಧವನ್ನೂ ತಗ್ಗಿಸುತ್ತವೆ. ಸ್ಟೀರಾಯ್ಡ್ ನುಂಗುವ ಮಗುವಿಗೆ ಕೀವು ತುಂಬಿದ್ದರೂ ಜ್ವರ ಬಾರದಿರಬಹುದು, ಕೆಂಪು ಮತ್ತು ನೋವು ಕಡಿಮೆಯಿರಬಹುದು. ಆದ್ದರಿಂದ, ಜ್ವರ ಇಲ್ಲವಲ್ಲ ಎಂಬ ಸಮಾಧಾನ ಈ ಮಕ್ಕಳ ವಿಷಯದಲ್ಲಿ ಸಲ್ಲದು.

ಚರ್ಮದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಬಹುಪಾಲು ಎರಡೇ ರೋಗಾಣುಗಳಿಂದ ಬರುತ್ತವೆ: ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಎ ಗುಂಪಿನ ಸ್ಟ್ರೆಪ್ಟೊಕಾಕಸ್. ಮೊದಲನೆಯದು ಅನೇಕರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ, ಡಯಾಲಿಸಿಸ್‌ಗೆ ಹೋಗುವವರಲ್ಲಿ ಇನ್ನೂ ಹೆಚ್ಚು. ಮೇಲ್ಮೈಯಲ್ಲಿ ಕಾಣುವ ಸೋಂಕು ಇಂಪೆಟೈಗೊ, ನಮ್ಮ ಮಾತಿನ ಕಜ್ಜಿ. ಮೂಗಿನ ಕೆಳಗೆ, ಬಾಯಿಯ ಸುತ್ತ, ಕೈಕಾಲಿನ ಮೇಲೆ ಸಣ್ಣ ಗುಳ್ಳೆಯೆದ್ದು ಒಡೆದು, ಜೇನಿನ ಬಣ್ಣದ ಹೆಕ್ಕಳೆ ಕಟ್ಟುತ್ತದೆ. ಹೆಕ್ಕಳೆಯನ್ನು ಕಿತ್ತರೆ ಅಡಿಯಲ್ಲಿ ಹಸಿ ಕೆಂಪು ಚರ್ಮ ಕಾಣುತ್ತದೆ, ಮುಟ್ಟಿದ ಕೈ ಹೋದಲ್ಲೆಲ್ಲ ಹೊಸ ಗುಳ್ಳೆ ಏಳುತ್ತದೆ. ಕೂದಲ ಬುಡದ ಸೋಂಕು ಆಳಕ್ಕಿಳಿದರೆ ಕುರುವಾಗುತ್ತದೆ, ಕೀವು ಒಂದೆಡೆ ಸೇರಿದರೆ ಬಾವು ಕಟ್ಟುತ್ತದೆ.

ನಾನು ಹೆಚ್ಚು ಹೆದರುವುದು ಸೆಲ್ಯುಲೈಟಿಸ್‌ಗೆ. ಇಲ್ಲಿ ಸೋಂಕು ಚರ್ಮದ ಅಡಿಯ ಪದರದಲ್ಲಿ ಹರಡುತ್ತದೆ. ಗಡಿ ಸ್ಪಷ್ಟವಿರದ ಕೆಂಪು, ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ನೆಫ್ರೋಟಿಕ್ ಮಗುವಿನಲ್ಲಿ ಇದು ಬಾತ ತೊಡೆ, ಹೊಟ್ಟೆಯ ಕೆಳಭಾಗ ಅಥವಾ ವೃಷಣದ ಚೀಲದ ಮೇಲೆ ಏಳುವುದುಂಟು, ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದೆ ಬರೀ ಹೊಳಪು ಮತ್ತು ಬಿಸಿಯಾಗಿ ಮಾತ್ರ ತಿಳಿಯುವುದೂ ಉಂಟು. ಹೀಗೆ ಅನುಮಾನ ಬಂದ ಕ್ಷಣ ಒಂದು ಬಾಲ್‌ಪೆನ್ ತೆಗೆದುಕೊಂಡು ಕೆಂಪಿನ ಅಥವಾ ಬಿಸಿಯ ಅಂಚಿನ ಗುಂಟ ಮಗುವಿನ ಚರ್ಮದ ಮೇಲೆಯೇ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಬೇಕು. ಬಸ್ಸಿಗೋ ಗಾಡಿಗೋ ಕಾಯುವಷ್ಟರಲ್ಲಿ ಕೆಂಪು ಗೆರೆಯನ್ನು ದಾಟಿದ್ದರೆ ಅದೇ ವೈದ್ಯರಿಗೆ ಎಲ್ಲಕ್ಕಿಂತ ದೊಡ್ಡ ಸುಳಿವು. ಗೆರೆ ಎಳೆದ ಮೇಲೆ ಮರುದಿನದವರೆಗೆ ಕಾದು ನೋಡೋಣ ಎಂದು ಮಾತ್ರ ಕೂರಬಾರದು. ಈ ಮಕ್ಕಳಲ್ಲಿ ಸೆಲ್ಯುಲೈಟಿಸ್ ಎಂದರೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬೇಕಾದ ಸ್ಥಿತಿ.

ಚರ್ಮದಿಂದ ಮೂತ್ರಪಿಂಡಕ್ಕೆ ಹೋಗುವ ದಾರಿಯೂ ಒಂದಿದೆ. ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳು ಕಜ್ಜಿ ಮಾಡಿ ಹೋದ ಮೇಲೆ, ಅವುಗಳ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳ ಗುಂಪು ಮೂತ್ರಪಿಂಡದ ಸೋಸುಕಗಳಲ್ಲಿ ಸಿಕ್ಕಿಕೊಂಡು ಉರಿಯೂತ ಎಬ್ಬಿಸುತ್ತದೆ. ಗಂಟಲು ಸೋಂಕಿನ ನಂತರ ಇದು 1ರಿಂದ 3 ವಾರದಲ್ಲಿ ಬಂದರೆ, ಚರ್ಮದ ಸೋಂಕಿನ ನಂತರ ಸಾಮಾನ್ಯವಾಗಿ 3ರಿಂದ 6 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕಜ್ಜಿ ಮಾಯ್ದು ಮರೆತೇ ಹೋಗಿರುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಕಪ್ಪು ಚಹಾದಂಥ ಮೂತ್ರ, ತಲೆನೋವು, ಏರಿದ ರಕ್ತದೊತ್ತಡ ಇದರ ಗುರುತುಗಳು. ಅಮೆರಿಕದ ಮಿನ್ನೆಸೋಟ ರಾಜ್ಯದ ರೆಡ್ ಲೇಕ್ ಎಂಬ ಆದಿವಾಸಿ ನೆಲೆಯಲ್ಲಿ 1953 ಮತ್ತು 1966ರಲ್ಲಿ ಮಕ್ಕಳಲ್ಲಿ ಇಂಥ ನೆಫ್ರೈಟಿಸ್ (ಮೂತ್ರಪಿಂಡದ ಉರಿಯೂತ) ಸಾಂಕ್ರಾಮಿಕವಾಗಿ ಹರಡಿದಾಗಲೇ, ಗಂಟಲಿನಷ್ಟೇ ಚರ್ಮದ ಸ್ಟ್ರೆಪ್ಟೊಕಾಕಸ್ ಸೋಂಕೂ ಮೂತ್ರಪಿಂಡಕ್ಕೆ ಎರವಾಗಬಲ್ಲದು ಎಂಬುದು ವೈದ್ಯಲೋಕಕ್ಕೆ ಗಟ್ಟಿಯಾಗಿ ಮನದಟ್ಟಾಯಿತು. ಬಹುಪಾಲು ಮಕ್ಕಳು ಇದರಿಂದ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದರೆ ಮೊದಲೇ ಅರ್ಧ ಶಕ್ತಿಯಲ್ಲಿ ನಡೆಯುತ್ತಿರುವ ಮೂತ್ರಪಿಂಡಕ್ಕೆ ಇದರ ಮೇಲೆ ಇನ್ನೊಂದು ಪೆಟ್ಟು ತಾಳುವ ಬಲವಿರುವುದಿಲ್ಲ. ರಕ್ತಪರೀಕ್ಷೆಯ ವಿಷಯದಲ್ಲೂ ಒಂದು ಎಚ್ಚರ ಬೇಕು: ಗಂಟಲು ಸೋಂಕನ್ನು ತೋರಿಸುವ ಎಎಸ್ಒ ಪರೀಕ್ಷೆ ಚರ್ಮದ ಸೋಂಕಿನಲ್ಲಿ ಎಷ್ಟೋ ಸಲ ಏರುವುದಿಲ್ಲ, ಆದ್ದರಿಂದ ಅದು ಸಾಮಾನ್ಯ ಬಂದ ಮಾತ್ರಕ್ಕೆ ಸ್ಟ್ರೆಪ್ಟೊಕಾಕಸ್ ಅಲ್ಲ ಎಂದು ತೀರ್ಮಾನಿಸಲಾಗದು.

ಕಜ್ಜಿಯ ಹಿಂದೆ ಎಷ್ಟೋ ಸಲ ಹುರುಕು ಅಡಗಿರುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ರಾತ್ರಿ ವಿಪರೀತ ತುರಿಸುತ್ತಿದ್ದು, ಮನೆಯ ಇನ್ನೊಬ್ಬರಿಗೂ ಹಾಗೆಯೇ ಇದ್ದರೆ, ಅದು ಕಿಡ್ನಿಯ ತುರಿಕೆಯಲ್ಲ, ಹುರುಕಿನ ಹುಳುವಿನದ್ದೇ ಇರಬೇಕು. ಹುಳು ಕೊರೆದ ದಾರಿಯಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವುದರಿಂದ, ಬರೀ ಆಂಟಿಬಯೋಟಿಕ್ ಕೊಟ್ಟು ಹುಳುವನ್ನು ಬಿಟ್ಟರೆ ತಿಂಗಳೊಳಗೆ ಕಜ್ಜಿ ಮರಳುತ್ತದೆ. ವೈದ್ಯರ ಸೂಚನೆಯಂತೆ 5% ಪರ್ಮೆಥ್ರಿನ್ ಕ್ರೀಮನ್ನು ಮನೆಯ ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿಕೊಂಡು, ಬೆಳಿಗ್ಗೆ ತೊಳೆದು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಇದೇ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ಹೆಜ್ಜೆ ಎಂಬುದು ನನ್ನ ಅನಿಸಿಕೆ, ಏಕೆಂದರೆ ತುರಿಕೆಯಿಲ್ಲದ ಗಂಡಸರು ತಮಗೇಕೆ ಎಂದು ಹಿಂದೆ ಸರಿಯುತ್ತಾರೆ.

ಈಗ ಔಷಧಿಗಳ ಮಾತು. ಸ್ವಲ್ಪ ಜಾಗದ ಇಂಪೆಟೈಗೊಗೆ ಮುಪಿರೋಸಿನ್ ಮುಲಾಮನ್ನು ವೈದ್ಯರು ಸಾಮಾನ್ಯವಾಗಿ 5 ದಿನ ಹಚ್ಚಲು ಹೇಳುತ್ತಾರೆ. ಅದಕ್ಕೆ ಮುಂಚೆ ಹೆಕ್ಕಳೆಯನ್ನು ಉಗುರುಬೆಚ್ಚಗಿನ ನೀರಿನಿಂದ ನೆನೆಸಿ ಮೆಲ್ಲಗೆ ತೆಗೆಯಬೇಕು, ಇಲ್ಲದಿದ್ದರೆ ಮುಲಾಮು ಹೆಕ್ಕಳೆಯ ಮೇಲೆಯೇ ಕುಳಿತಿರುತ್ತದೆ. ಇಷ್ಟು ಒಳ್ಳೆಯ ಮುಲಾಮಿನಲ್ಲೂ ಈ ಮಕ್ಕಳಿಗಾಗಿ ಒಂದು ಎಚ್ಚರಿಕೆಯಿದೆ. ಮುಪಿರೋಸಿನ್ ಮುಲಾಮಿನ ಒಂದು ಬಗೆಯಲ್ಲಿ ಆಧಾರವಾಗಿ ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ದೊಡ್ಡ ತೆರೆದ ಗಾಯದಿಂದ ರಕ್ತಕ್ಕೆ ಸೇರಬಲ್ಲದು, ಅದು ಹೊರಹೋಗುವುದು ಮೂತ್ರಪಿಂಡದಿಂದಲೇ. ಹೀಗಾಗಿ ವಿಶಾಲ ಹಸಿ ಗಾಯಕ್ಕೆ ಅದನ್ನು ಸವರಬಾರದು. ಪೊವಿಡೋನ್ ಅಯೋಡಿನ್ ದ್ರಾವಣವನ್ನು ದೊಡ್ಡ ಗಾಯಕ್ಕೆ ದಿನದಿನವೂ ಸುರಿದರೆ ಅಯೋಡಿನ್ ದೇಹದಲ್ಲಿ ಜಮೆಯಾಗುತ್ತದೆ. ನಿಯೋಮೈಸಿನ್ ಇರುವ ಪುಡಿ ಮತ್ತು ಮುಲಾಮುಗಳು ವಿಶಾಲ ಗಾಯದಿಂದ ಹೀರಿಕೊಂಡರೆ ಮೂತ್ರಪಿಂಡಕ್ಕೂ ಕಿವಿಗೂ ಹಾನಿ. ಅಂಗಡಿಗಳಲ್ಲಿ ತುರಿಕೆಗೆಂದು ಕೈಗೆ ಬರುವ, ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮುಗಳನ್ನಂತೂ ಈ ಮಕ್ಕಳಿಂದ ದೂರವಿಡಬೇಕು. ಎರಡು ದಿನ ಕೆಂಪು ಇಳಿದಂತೆ ಕಂಡರೂ ಸೋಂಕು ಅಡಿಯಲ್ಲಿ ಬೆಳೆಯುತ್ತಿರುತ್ತದೆ. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲಿ ಬಿಗಿಗೊಳಿಸಿದ್ದರೂ, ಕೇಳಿದರೆ ಸಿಗುವ ಪರಿಸ್ಥಿತಿ ಇನ್ನೂ ಇದೆ.

ಬಾಯಿಯಿಂದ ಕೊಡುವ ಆಂಟಿಬಯೋಟಿಕ್‌ಗಳಲ್ಲಿ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮೂತ್ರಪಿಂಡದಿಂದ ಹೊರಹೋಗುವುದರಿಂದ, ಸೋಸುವ ಶಕ್ತಿ ಬಹಳ ಕಡಿಮೆಯಾದ ಮಗುವಿಗೆ ಪ್ರಮಾಣವನ್ನು ತಗ್ಗಿಸಬೇಕು ಅಥವಾ ಎರಡು ಗುಟುಕುಗಳ ನಡುವಿನ ಅಂತರ ಹೆಚ್ಚಿಸಬೇಕು. ಕ್ಲಿಂಡಾಮೈಸಿನ್, ಕ್ಲಾಕ್ಸಾಸಿಲಿನ್‌ಗಳಿಗೆ ಸಾಮಾನ್ಯವಾಗಿ ಹಾಗೆ ಮಾಡಬೇಕಿಲ್ಲ. ಕೋ-ಟ್ರೈಮಾಕ್ಸಜೋಲ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಮೂತ್ರಪಿಂಡ ಸೋತ ಮಗುವಿನಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್ ನುಂಗುವ ಮಗುವಿಗೆ ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಕೊಟ್ಟರೆ ಟ್ಯಾಕ್ರೊಲಿಮಸ್ ಮಟ್ಟ ವಿಪರೀತ ಏರಿ ಕಸಿಯಾದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಇನ್ನು ಸೂಜಿ. ಬೇಗ ವಾಸಿಯಾಗಲಿ ಎಂದು ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಚುಚ್ಚುವುದು ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಅಪರೂಪವಲ್ಲ. ಇವೆರಡೂ ಮೂತ್ರಪಿಂಡಕ್ಕೆ ನೇರ ವಿಷವಾಗಬಲ್ಲ ಔಷಧಿಗಳು, ತಜ್ಞರು ಬೇರೆ ದಾರಿಯಿಲ್ಲದಾಗ ಮಾತ್ರ, ರಕ್ತದ ಮಟ್ಟ ಅಳೆಯುತ್ತ ಬಳಸುವಂಥವು. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ನಮ್ಮ ದೇಶದಲ್ಲಿ ಕಡಿಮೆಯಿಲ್ಲ, ಆದ್ದರಿಂದ ಕೀವು ತೆಗೆದಾಗ ಅದನ್ನು ಚೆಲ್ಲದೆ, ರೋಗಾಣುವನ್ನು ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸಲು ಕೇಳುವ ಹಕ್ಕು ತಂದೆತಾಯಿಗಿದೆ. ಬಾವು ಕಟ್ಟಿದ್ದರೆ ಮಾತ್ರೆಗಿಂತ ಕೀವು ಹೊರತೆಗೆಯುವುದೇ ಮುಖ್ಯ ಚಿಕಿತ್ಸೆ. ಮನೆಯಲ್ಲಿ ಅದನ್ನು ಹಿಂಡುವುದಾಗಲಿ, ಜಾಲಿ ಮುಳ್ಳಿನಿಂದ ಒಡೆಯುವುದಾಗಲಿ ಮಾಡಿದರೆ ರೋಗಾಣು ರಕ್ತಕ್ಕೆ ಇಳಿಯುತ್ತದೆ.

ಆದರೆ ಕುರುವಿನ ನೋವಿಗೆಂದು ಕೊಡುವ ಮಾತ್ರೆಯಷ್ಟು ಹಾನಿಯನ್ನು ಈ ಯಾವ ಆಂಟಿಬಯೋಟಿಕ್ಕೂ ದಿನನಿತ್ಯ ಮಾಡುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್ ಎಲ್ಲವೂ ಒಂದೇ ಕುಟುಂಬದವು. ಸೋತ ಮೂತ್ರಪಿಂಡ ತನ್ನೊಳಗೆ ರಕ್ತ ಹರಿಯುವ ನಾಳವನ್ನು ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯದ ನೆರವಿನಿಂದ ಅಗಲವಾಗಿ ತೆರೆದಿಟ್ಟುಕೊಂಡು ಹೇಗೋ ಕೆಲಸ ಸಾಗಿಸುತ್ತಿರುತ್ತದೆ. ಈ ಮಾತ್ರೆಗಳು ಆ ದ್ರವ್ಯವನ್ನೇ ನಿಲ್ಲಿಸುತ್ತವೆ, ನಾಳ ಮುದುಡುತ್ತದೆ, ಸೋಸುವಿಕೆ ಕುಸಿಯುತ್ತದೆ. ವಿಜಯಪುರದ ಏಪ್ರಿಲ್–ಮೇ ತಿಂಗಳಲ್ಲಿ ಜ್ವರ, ವಾಂತಿ, ಬೆವರಿನಿಂದ ಮೈಯ ನೀರು ಬತ್ತಿದ ಮಗುವಿಗೆ ಇದನ್ನು ಕೊಟ್ಟರೆ ಎರಡು ದಿನದಲ್ಲಿ ಮೂತ್ರ ನಿಂತುಹೋಗಬಹುದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ. ಜ್ವರಕ್ಕೆ, ನೋವಿಗೆ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಸಾಕು. ಆದರೆ ಪ್ಯಾರಸಿಟಮಾಲ್ ಎಂದು ಕೇಳಿ ತಂದ ಸಿರಪ್ಪಿನಲ್ಲಿ ಐಬುಪ್ರೊಫೆನ್ ಕೂಡ ಬೆರೆತಿರುವುದು ಸಾಮಾನ್ಯ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಮನೆಗೆ ತರಬಾರದು. ತುರಿಕೆಗೆ ಕೊಡುವ ಸೆಟ್ರಿಜಿನ್ ಕೂಡ ಮೂತ್ರಪಿಂಡದಿಂದ ಹೊರಹೋಗುವಂಥದ್ದು, ಪ್ರಮಾಣ ತಗ್ಗಿಸದಿದ್ದರೆ ಮಗು ಮಂಕಾಗಿ ಮಲಗಿಬಿಡುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ಸೋಂಕು ಬಂದದ್ದು ಸ್ಟೀರಾಯ್ಡ್‌ನಿಂದಲೇ ಎಂದು ಹೆದರಿ ಕೆಲವರು ಪ್ರೆಡ್ನಿಸೊಲೋನ್ ಮಾತ್ರೆಯನ್ನು ತಾವಾಗಿ ನಿಲ್ಲಿಸಿಬಿಡುತ್ತಾರೆ. ವಾರಗಟ್ಟಲೆ ಸ್ಟೀರಾಯ್ಡ್ ನುಂಗಿದ ಮಗುವಿನ ಅಡ್ರಿನಲ್ ಗ್ರಂಥಿ ತನ್ನದೇ ಸ್ಟೀರಾಯ್ಡ್ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಸೋಂಕಿನ ಹೊತ್ತಿನಲ್ಲಿ ದೇಹಕ್ಕೆ ಅದು ಹೆಚ್ಚು ಬೇಕು, ಸಿಗುವುದಿಲ್ಲ. ವಾಂತಿ, ನಿತ್ರಾಣ, ಕುಸಿದ ರಕ್ತದೊತ್ತಡದಿಂದ ಮಗು ಪ್ರಾಣಾಪಾಯಕ್ಕೆ ಸಿಲುಕುತ್ತದೆ. ಇಂಥ ಸಮಯದಲ್ಲಿ ವೈದ್ಯರು ಸ್ಟೀರಾಯ್ಡನ್ನು ಕಡಿಮೆ ಮಾಡುವ ಬದಲು ಕೆಲವು ದಿನ ಹೆಚ್ಚಿಸುವುದೂ ಉಂಟು. ಮಾತ್ರೆ ವಾಂತಿಯಾಗಿ ಹೋದರೂ ಸುಮ್ಮನಿರದೆ ತಿಳಿಸಬೇಕು, ಆಗ ಅದನ್ನು ಸೂಜಿಯಲ್ಲಿ ಕೊಡುತ್ತಾರೆ.

ಡಯಾಲಿಸಿಸ್‌ನಲ್ಲಿರುವ ಮಕ್ಕಳ ಚರ್ಮದಲ್ಲಿ ರೋಗಾಣುವಿಗೆ ಸದಾ ತೆರೆದ ಒಂದು ಬಾಗಿಲಿರುತ್ತದೆ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಹೊಟ್ಟೆಯಿಂದ ಒಂದು ಮೆತ್ತನೆಯ ಕೊಳವೆ ಹೊರಬಂದಿರುತ್ತದೆ. ಅದು ಹೊರಬರುವ ಜಾಗವನ್ನು ಪ್ರತಿದಿನ, ಸಾಬೂನಿನಲ್ಲಿ ಕೈ ತೊಳೆದು, ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಆರೋಗ್ಯವಾಗಿರುವ ಜಾಗ ಸುತ್ತಲಿನ ಚರ್ಮದ ಬಣ್ಣದ್ದೇ ಆಗಿ ಒಣಗಿರುತ್ತದೆ, ಅಂಚಿನಲ್ಲಿ ಸಣ್ಣ ಹೆಕ್ಕಳೆ ಇರಬಹುದು, ಅದನ್ನು ಕೀಳಬಾರದು. ಕೀವು ಬಂದರೆ ಅದು ಸೋಂಕೇ. ಅಗಲವಾಗುತ್ತಿರುವ ಕೆಂಪು, ಊತ, ಕೊಳವೆ ಚರ್ಮದಡಿ ಸಾಗುವ ದಾರಿಯ ಗುಂಟ ನೋವು ಇದ್ದರೆ ಅದೇ ದಿನ ಕರೆ ಮಾಡಬೇಕು, ಏಕೆಂದರೆ ಅಲ್ಲಿಂದ ಹೊಟ್ಟೆಯ ಪೊರೆಗೆ ರೋಗಾಣುವಿನ ದೂರ ಕೆಲವೇ ಸೆಂಟಿಮೀಟರ್. ಹೊರಬಂದ ದ್ರವದ ಚೀಲವನ್ನು ಅಚ್ಚಾದ ಹಾಳೆಯ ಮೇಲಿಟ್ಟಾಗ ಅಕ್ಷರಗಳು ಓದಲಾಗದಷ್ಟು ಮಸುಕಾದರೆ ಸೋಂಕು ಒಳಗೆ ತಲುಪಿದೆ ಎಂದೇ ತಿಳಿದು ಚೀಲದ ಸಮೇತ ಆಸ್ಪತ್ರೆಗೆ ಹೊರಡಬೇಕು. ಈ ಜಾಗಕ್ಕೆ ದಿನವೂ ಸ್ವಲ್ಪ ಮುಪಿರೋಸಿನ್ ಹಚ್ಚುವುದರಿಂದ ಸ್ಟ್ಯಾಫಿಲೊಕಾಕಸ್ ಸೋಂಕು ಕಡಿಮೆಯಾಗುತ್ತದೆ. ಆದರೆ ಯಾವ ಮುಲಾಮು ಕೊಳವೆಗೆ ಹೊಂದುತ್ತದೆ ಎಂಬುದನ್ನು ಡಯಾಲಿಸಿಸ್ ತಂಡವೇ ಹೇಳಬೇಕು, ಏಕೆಂದರೆ ಕೆಲವು ಬಗೆಯ ಕೊಳವೆಗಳನ್ನು ಮೇಲೆ ಹೇಳಿದ ಗ್ಲೈಕಾಲ್ ಆಧಾರ ಶಿಥಿಲಗೊಳಿಸುತ್ತದೆ. ಯಂತ್ರದ ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಕೊಳವೆಯಿರುವ ಮಗುವಿಗೆ ಚಳಿಜ್ವರ ಬಂದರೆ, ಬೇರೆ ಕಾರಣ ಸಿಗುವವರೆಗೆ, ಅದು ಕೊಳವೆಯಿಂದ ರಕ್ತಕ್ಕೆ ಇಳಿದ ಸೋಂಕು ಎಂದೇ ನೋಡಲಾಗುತ್ತದೆ.

ಈ ಕೊಳವೆಯಿರುವ ಮಕ್ಕಳು ಹೊಳೆ, ಕಾಲುವೆ, ಬಾವಿಯ ನೀರಿನಲ್ಲಿ ಮುಳುಗುವಂತಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗುಳಬಾವಿಯಲ್ಲಿ ಮಿಂದು ಮುಂದೆ ಹೋಗುವ ಪದ್ಧತಿಯಿದೆ, ಅಲ್ಲಿ ಮಿಂದರೆ ಚರ್ಮರೋಗ ಹೋಗುತ್ತದೆ ಎಂಬ ನಂಬಿಕೆಯೂ ತಲೆಮಾರುಗಳಿಂದ ಬಂದಿದೆ. ಕಜ್ಜಿಯಿರುವ ಮಗುವನ್ನು ಅಲ್ಲಿಗೆ ಕರೆದೊಯ್ಯುವ ತಾಯಿಯ ಹರಕೆಯನ್ನು ಗೌರವಿಸಿಯೇ ಹೇಳುತ್ತೇನೆ: ನೂರಾರು ಜನ ಮಿಂದ ನೀರಿನಲ್ಲಿ ಹಸಿ ಗಾಯವಾಗಲಿ ಕೊಳವೆಯಾಗಲಿ ಅದ್ದಬಾರದು, ತಲೆಯ ಮೇಲೆ ನಾಲ್ಕು ಹನಿ ಪ್ರೋಕ್ಷಿಸಿದರೆ ಹರಕೆಗೆ ಕೊರತೆಯಾಗುವುದಿಲ್ಲ. ಜವಳ ತೆಗೆಸುವಾಗ, ಕಿವಿ ಚುಚ್ಚಿಸುವಾಗ ಹೊಸ ಬ್ಲೇಡು, ಹೊಸ ಸೂಜಿ ತಾವೇ ಒಯ್ಯಬೇಕು. ಮೈ ಬಾತಾಗ ಅಥವಾ ಕುರು ಏಳುವಾಗ ಬರೆ ಹಾಕಿಸುವುದಂತೂ ಸುಟ್ಟ ಗಾಯದ ಮೂಲಕ ರೋಗಾಣುವನ್ನು ಕೈಹಿಡಿದು ಒಳಗೆ ಕರೆದಂತೆ.

ದಿನನಿತ್ಯದ ಆರೈಕೆ ಕಷ್ಟದ್ದಲ್ಲ. ಬಿಸಿಬಿಸಿ ನೀರಿನ ಬದಲು ಉಗುರುಬೆಚ್ಚಗಿನ ನೀರು, ಕಡಿಮೆ ಸಾಬೂನು, ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರುವುದು. ಇಷ್ಟರಿಂದಲೇ ತುರಿಕೆ ಗಮನಾರ್ಹವಾಗಿ ತಗ್ಗುತ್ತದೆ. ಉಗುರು ವಾರಕ್ಕೊಮ್ಮೆ ಕತ್ತರಿಸಬೇಕು, ಟವೆಲ್ ಪ್ರತ್ಯೇಕವಿರಬೇಕು. ಮುಧೋಳ, ಜಮಖಂಡಿಯ ಕಡೆ ಕಬ್ಬಿನ ಗದ್ದೆಯಲ್ಲಿ ರವದಿ ಗೀರಿದ ಗಾಯ, ಇಂಡಿಯ ಲಿಂಬೆ ತೋಟದ ಮುಳ್ಳು ಚುಚ್ಚಿದ ಗಾಯ ಎಷ್ಟೇ ಸಣ್ಣದಾಗಿರಲಿ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ಎರಡು ದಿನ ಕಣ್ಣಿಡಬೇಕು. ಸ್ಟೀರಾಯ್ಡ್ ನುಂಗುವ ಮಗುವಿಗೆ ಮೈಮೇಲೆ ಅಮ್ಮ (ಚಿಕನ್‌ಪಾಕ್ಸ್) ಬಂದರೆ, ಅಥವಾ ಅಮ್ಮ ಬಂದ ಮಗುವಿನ ಜೊತೆ ಆಡಿದ್ದು ತಿಳಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು; ಈ ಕಾಯಿಲೆ ಅಂಥ ಮಕ್ಕಳ ಶ್ವಾಸಕೋಶಕ್ಕೂ ಇಳಿಯಬಲ್ಲದು, ಅದರ ಗುಳ್ಳೆಗಳಿಗೆ ಸ್ಟ್ರೆಪ್ಟೊಕಾಕಸ್ ಸೇರುವುದೂ ಸಾಮಾನ್ಯ, ಮತ್ತು ಬೇಗ ಹೋದರೆ ಕೊಡಬಹುದಾದ ಔಷಧಿ ಇದೆ.

ಮಕ್ಕಳ ಮೂತ್ರಪಿಂಡ ತಜ್ಞರು ಬಹುಮಟ್ಟಿಗೆ ದೊಡ್ಡ ನಗರಗಳಲ್ಲೇ ಇದ್ದಾರೆ. ಸಿಂದಗಿ ಅಥವಾ ಮುದ್ದೇಬಿಹಾಳದ ಹಳ್ಳಿಯಿಂದ ಅಲ್ಲಿಗೆ ರಾತ್ರೋರಾತ್ರಿ ಹೋಗಲಾಗದು. ಹಾಗೆಂದು ಸೋಂಕಿನ ಮೊದಲ ಚಿಕಿತ್ಸೆಯನ್ನು ತಡ ಮಾಡಬೇಕಿಲ್ಲ. ಹರಡುವ ಕೆಂಪು, 38 ಡಿಗ್ರಿ ದಾಟಿದ ಜ್ವರ, ವಾಂತಿ, ಮಂಕು, ಕಡಿಮೆಯಾದ ಮೂತ್ರ ಇವುಗಳಲ್ಲಿ ಯಾವುದಿದ್ದರೂ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಶುರುವಾಗಬಹುದು, ತಜ್ಞರ ಜೊತೆ ಫೋನಿನಲ್ಲಿ ಮಾತಾಡಿ ಪ್ರಮಾಣ ನಿಗದಿ ಮಾಡಬಹುದು. ಗಾಡಿಗೆ 108 ಇದೆ. ಇದೆಲ್ಲ ಸುಗಮವಾಗಬೇಕಾದರೆ ಮಗುವಿನ ಜೊತೆ ಸದಾ ಒಂದು ಹಾಳೆ ಇರಬೇಕು. ಅದರಲ್ಲಿ ಕಾಯಿಲೆಯ ಹೆಸರು, ಕೊನೆಯ ಕ್ರಿಯಾಟಿನಿನ್ ಮತ್ತು ಅದರ ತಾರೀಖು, ಎತ್ತರ, ತೂಕ, ನಡೆಯುತ್ತಿರುವ ಎಲ್ಲ ಔಷಧಿಗಳು, ಕೊಡಬಾರದ ನೋವಿನ ಮಾತ್ರೆ ಮತ್ತು ಸೂಜಿಗಳ ಹೆಸರು, ತಜ್ಞರ ಫೋನ್ ಸಂಖ್ಯೆ ಬರೆದಿರಬೇಕು. ಈ ಹಾಳೆಯನ್ನು ಊರಿನ ವೈದ್ಯರಿಗೆ, ಔಷಧಿ ಅಂಗಡಿಯವರಿಗೆ, ಶಾಲೆಯ ಶಿಕ್ಷಕರಿಗೆ, ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ತೋರಿಸಿಡಬೇಕು. ತಂದೆತಾಯಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಮಾತ್ರೆ ತರುವವರು ಹೆಚ್ಚಾಗಿ ಇವರೇ.

ಕಜ್ಜಿ ಮಾಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಮುಂದಿನ 6 ವಾರಗಳ ಕಾಲ ಬೆಳಗಿನ ಮುಖದ ಬಾವು ಮತ್ತು ಮೂತ್ರದ ಬಣ್ಣವನ್ನು ಗಮನಿಸುತ್ತಿರಬೇಕು, ನಡುವೆ ಒಮ್ಮೆ ಮೂತ್ರಪರೀಕ್ಷೆ ಮಾಡಿಸಿ ರಕ್ತದೊತ್ತಡ ನೋಡಿಸಬೇಕು. ಸೋಂಕು ನೆಫ್ರೋಟಿಕ್ ಕಾಯಿಲೆಯನ್ನು ಮರುಕಳಿಸುವಂತೆ ಮಾಡುವುದರಿಂದ, ಅಂಥ ಮಕ್ಕಳ ಮನೆಯಲ್ಲಿ ಪ್ರೋಟೀನ್ ಪಟ್ಟಿಯಿಂದ (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಕಡ್ಡಿ) ಮೂತ್ರ ನೋಡುವುದನ್ನು ಈ ಅವಧಿಯಲ್ಲಿ ಒಂದು ದಿನವೂ ಬಿಡಬಾರದು. ಪಟ್ಟಿ ಸತತ 3 ದಿನ 3+ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮೈ ಬಾಯುವವರೆಗೆ ಕಾಯದೆ ವೈದ್ಯರನ್ನು ಕಾಣಬೇಕು.